ವಾಷ್‌ಬೇಸಿನ್ ನೀರು ಬಾತ್‌ರೂಮಿನ ಜಾಲಿಯಿಂದ ಉಕ್ಕುತ್ತಿದೆ: ಬ್ಲಾಕ್ ಎಲ್ಲಿದೆ, ನಾವೇ ತೆಗೆಯಬಹುದಾ?

ನಲ್ಲಿನೀರು
ಬೆಂಗಳೂರು, ಸ್ವತಂತ್ರ ಮನೆ, ನೆಲಮಹಡಿ. ಬೋರ್‌ವೆಲ್ ನೀರು. ವಾಷ್‌ಬೇಸಿನ್‌ನಲ್ಲಿ ನೀರು ಬಿಟ್ಟರೆ ಬೇಸಿನ್ ಸಲೀಸಾಗಿ ಖಾಲಿಯಾಗುತ್ತೆ, ಆದರೆ ಬಾತ್‌ರೂಮಿನ ನೆಲದ ಜಾಲಿಯಿಂದ ಗುಳುಗುಳು ಅಂತ ಮೇಲೆ ಬರುತ್ತೆ. ಹತ್ತು ನಿಮಿಷ ಬಿಟ್ಟರೆ ಇಳಿಯುತ್ತೆ. ಅಡುಗೆಮನೆ ಸಿಂಕ್ ಕೂಡ ನಿಧಾನ. ಕಮೋಡ್‌ಗೆ ಏನೂ ತೊಂದರೆ ಇಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಆಸಿಡ್ ಸುರೀರಿ ಅಂತಾರೆ. ಸುರಿಯೋ ಮೊದಲು ಇಲ್ಲಿ ಕೇಳುತ್ತಿದ್ದೇನೆ.

ಮೂರಿಂಚು_ಪೈಪು
ಆಸಿಡ್ ಬೇಡ. ನೀವು ಹೇಳಿದ ಲಕ್ಷಣದಲ್ಲೇ ಜಾಗದ ಸುಳಿವಿದೆ.

ಈಗಿನ ಮನೆಗಳಲ್ಲಿ ಬೇಸಿನ್ ಪೈಪು ನೇರವಾಗಿ ಹೊರಗೆ ಹೋಗೋದು ಕಡಿಮೆ. ಜಾಲಿಯ ಕೆಳಗೆ ನೆಲದೊಳಗಿರೋ, ಸ್ವಲ್ಪ ನೀರು ನಿಲ್ಲೋ ಬಾಗಿದ ಬಟ್ಟಲು, ಅಂದರೆ ನಹಾನಿ ಟ್ರ್ಯಾಪ್‌ಗೆ ಪಕ್ಕದಲ್ಲೊಂದು ಬಾಯಿ ಇರುತ್ತೆ, ಬೇಸಿನ್ ನೀರು ಅಲ್ಲಿಗೆ ಬಂದು ಸೇರುತ್ತೆ. ಸ್ನಾನದ ನೀರು ಜಾಲಿಯಿಂದ, ಬೇಸಿನ್ ನೀರು ಪಕ್ಕದಿಂದ. ಎರಡೂ ಕೂಡಿ 75 ಮಿ.ಮೀ. ಪೈಪಿನಲ್ಲಿ ಆಚೆ ಹೋಗುತ್ತೆ. ಬೇಸಿನ್ ಸಲೀಸಾಗಿ ಖಾಲಿಯಾಗಿ ಜಾಲಿಯಲ್ಲಿ ಉಕ್ಕುತ್ತಿದೆ ಅಂದಮೇಲೆ ಬೇಸಿನ್‌ನಿಂದ ಟ್ರ್ಯಾಪ್‌ವರೆಗೆ ದಾರಿ ತೆರೆದೇ ಇದೆ. ಕಟ್ಟಿಕೊಂಡಿರೋದು ಟ್ರ್ಯಾಪ್‌ನ ಬಾಗಿನಲ್ಲಿ, ಇಲ್ಲವೇ ಅದರಾಚೆ. ಹಾಗಾಗಿ ಬೇಸಿನ್ ತೂತಿಗೆ ಏನು ಸುರಿದರೂ ಅದು ಜಾಲಿಯಿಂದ ನಿಮ್ಮ ಕಾಲಿಗೇ ಬಂದು ತಾಗುತ್ತೆ.

ಜಾಲಿ ಬಿಚ್ಚಿ ಟ್ರ್ಯಾಪ್ ಕ್ಲೀನ್ ಮಾಡೋದರಿಂದ ಶುರು ಮಾಡಿ.

ಗಲ್ಲಿಟ್ರ್ಯಾಪ್
ಜಾಲಿಗೆ ಕೈ ಹಾಕುವ ಮೊದಲು ಒಂದು ನಿಮಿಷ. ಬಾತ್‌ರೂಮ್ ನಿಧಾನ, ಅಡುಗೆಮನೆ ನಿಧಾನ, ಕಮೋಡ್ ಸರಿ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಸ್ವತಂತ್ರ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಲೈನ್ ಇರುತ್ತೆ. ಕಮೋಡಿನ 110 ಮಿ.ಮೀ. ಪೈಪು ನೇರ ಹೊರಗಿನ ಮುಚ್ಚಳವಿರೋ ಚರಂಡಿ ಗುಂಡಿಗೆ, ಅಂದರೆ ಚೇಂಬರ್‌ಗೆ ಹೋಗುತ್ತೆ. ಸ್ನಾನ ಮತ್ತು ಪಾತ್ರೆ ತೊಳೆದ ನೀರು ಮೊದಲು ಗೋಡೆ ಬುಡದಲ್ಲಿರೋ ಗಲ್ಲಿ ಟ್ರ್ಯಾಪ್‌ಗೆ, ಅಲ್ಲಿಂದ ಚೇಂಬರ್‌ಗೆ. ಎರಡು ಕಡೆಯ ನೀರೂ ನಿಧಾನ ಅಂದರೆ ಇಬ್ಬರಿಗೂ ಸೇರಿದ ಜಾಗ ಮೊದಲು ನೋಡಬೇಕು. ಅದು ಗಲ್ಲಿ ಟ್ರ್ಯಾಪ್.

ಹುಡುಕೋದು ಹೀಗೆ: ಅಡುಗೆಮನೆ ಅಥವಾ ಬಾತ್‌ರೂಮ್ ಹೊರಗೋಡೆಯ ಹತ್ತಿರ ಸುಮಾರು ಒಂದಡಿ ಚೌಕದ ಸಿಮೆಂಟ್ ಗುಂಡಿ, ಮೇಲೆ ಕಬ್ಬಿಣದ ಅಥವಾ ಕಾಂಕ್ರೀಟ್ ಮುಚ್ಚಳ. ಟೈಲ್ಸ್ ಹಾಕಿಸುವಾಗ ಅದನ್ನೇ ಮುಚ್ಚಿಬಿಟ್ಟಿರೋ ಮನೆಗಳೂ ಇವೆ. ಹಾಗಿದ್ದರೆ ಹೊರಗೋಡೆಯಲ್ಲಿ ಇಳಿಯೋ ಪೈಪು ಎಲ್ಲಿ ನೆಲ ಸೇರುತ್ತೋ ಅಲ್ಲಿ ತಟ್ಟಿ ನೋಡಿ, ಟೊಳ್ಳು ಸದ್ದು ಬರುತ್ತೆ.

ಮುಚ್ಚಳ ತೆಗೆದಾಗ ಒಳಗೆ ನೀರು ನಿಂತಿರೋದು ಸಹಜ. 50 ಮಿ.ಮೀ.ನಷ್ಟು ನೀರಿನ ಸೀಲ್ ಇರಲೇಬೇಕು, ಅದೇ ಚರಂಡಿ ವಾಸನೆಯನ್ನ ತಡೆಯೋದು. ಆದರೆ ನೀರು ಮನೆ ಕಡೆಯಿಂದ ಬರೋ ಪೈಪಿನ ಬಾಯಿಗಿಂತ ಮೇಲೆ ನಿಂತಿದ್ದರೆ, ಅಥವಾ ಮೇಲೆ ಬೂದುಬಣ್ಣದ ಗಟ್ಟಿ ಕೆನೆ ಕಟ್ಟಿದ್ದರೆ, ನಿಮ್ಮ ತೊಂದರೆ ಇಲ್ಲೇ. ಆ ಕೆನೆ ಬರೀ ಎಣ್ಣೆ ಅಲ್ಲ. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಸಾಬೂನು, ಜಿಡ್ಡು ಮೂರೂ ಸೇರಿ ಮೇಣದಂತೆ ಕಟ್ಟಿಕೊಂಡದ್ದು. ನೀರಲ್ಲಿ ಕರಗಲ್ಲ, ತಳ್ಳಬೇಡಿ. ತೆಗೀರಿ.

ಹಳೇ ಸೌಟು ಅಥವಾ ಹಿಡಿಕೆ ಇರೋ ಡಬ್ಬ, ಒಂದು ಬಕೆಟ್, ಮೊಣಕೈವರೆಗಿನ ರಬ್ಬರ್ ಗ್ಲೌಸ್. ಮೇಲಿನ ಕೆನೆ ತೆಗೆದು ಬಕೆಟ್‌ಗೆ. ನೀರನ್ನ ಮಗ್ಗಿನಲ್ಲಿ ಎತ್ತಿ ತಳ ಕಾಣೋ ತನಕ ಖಾಲಿ ಮಾಡಿ. ತಳದಲ್ಲಿ ಮರಳು, ಅಕ್ಕಿ, ಕಾಫಿಪುಡಿ, ಸ್ಟೀಲ್ ಸ್ಕ್ರಬ್ಬರ್ ಚೂರು ಸಿಗುತ್ತೆ. ಅದನ್ನ ಬಕೆಟ್‌ಗೆ ತೆಗೆದಮೇಲೆ ಬಾಗಿನೊಳಗೆ ಕೈ ಬೆರಳು ಹಾಕಿ ಉಳಿದದ್ದು ಹೊರಗೆಳೀರಿ. ಬಕೆಟ್‌ನ ಕೆಸರನ್ನ ಮತ್ತೆ ಚೇಂಬರ್‌ಗೇ ಸುರಿಯಬೇಡಿ! ಹಾಳೆ ಮೇಲೆ ಒಣಗಿಸಿ ಕಸಕ್ಕೆ. ಕೊನೆಗೆ ಒಂದು ಬಕೆಟ್ ನೀರು ಒಮ್ಮೆಲೇ ಸುರಿದು, ಮಟ್ಟ ಏರದೆ ಹೋಗುತ್ತಾ ನೋಡಿ.

ಮೂರಿಂಚು_ಪೈಪು
ಒಪ್ಪಿದೆ, ಅಡುಗೆಮನೆ ನಿಧಾನ ಅಂತ ಬರೆದಿದ್ದನ್ನ ನಾನು ಗಮನಿಸಲಿಲ್ಲ. ಗಲ್ಲಿ ಟ್ರ್ಯಾಪ್ ಮೊದಲು. ಅದು ಸರಿಯಾದಮೇಲೂ ಬಾತ್‌ರೂಮ್ ಉಕ್ಕಿದರೆ ಜಾಲಿ ಕಡೆಗೆ ಬನ್ನಿ.

ರಸಾಯನ_ಮೇಷ್ಟ್ರು
ಆಸಿಡ್ ಬಗ್ಗೆ ಯಾಕೆ ಬೇಡ ಅಂತ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ.

ಬಾತ್‌ರೂಮ್ ಪೈಪಿನಲ್ಲಿ ಕಟ್ಟೋದು ಕೂದಲು, ಸಾಬೂನಿನ ಮೇಣ, ಸೀಗೆಪುಡಿ, ಕಡಲೆಹಿಟ್ಟು. ಎಣ್ಣೆ ಸ್ನಾನದ ದಿನ ಇವೆಲ್ಲ ಎಣ್ಣೆಯ ಜೊತೆ ಸೇರಿ ಕೂದಲಿಗೆ ಮೆತ್ತಿಕೊಳ್ಳುತ್ತೆ. ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಇರೋದು ಸುಮಾರು ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲ. ಅದು ಬಿಳಿ ಉಪ್ಪಿನ ಪದರ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟನ್ನ ಕರಗಿಸುತ್ತೆ. ಕೂದಲು ಅದಕ್ಕೆ ಬಗ್ಗಲ್ಲ. ಅದೇ ಆಮ್ಲ ಜಾಲಿಯ ಸ್ಟೀಲನ್ನ, ಟೈಲ್ಸ್ ಮಧ್ಯದ ಸಿಮೆಂಟನ್ನ, ಗಲ್ಲಿ ಟ್ರ್ಯಾಪ್‌ನ ಪ್ಲಾಸ್ಟರನ್ನ ತಿನ್ನುತ್ತೆ.

ಇನ್ನು ಪ್ಯಾಕೆಟ್‌ನಲ್ಲಿ ಬರೋ ಡ್ರೈನ್ ಪುಡಿ. ಅದು ಕಾಸ್ಟಿಕ್ ಸೋಡಾ, ಹಲವು ಪುಡಿಗಳಲ್ಲಿ ಅಲ್ಯೂಮಿನಿಯಂ ಚೂರೂ ಇರುತ್ತೆ. ನೀರು ತಾಗಿದಾಗ ಬಿಸಿಯೇರಿ ಹೈಡ್ರೋಜನ್ ಅನಿಲ ಏಳುತ್ತೆ, ಆ ಗುಳ್ಳೆಗಳೇ ಕಲಕೋ ಕೆಲಸ ಮಾಡೋದು. ಜಿಡ್ಡನ್ನ ಸಾಬೂನಾಗಿ ಬದಲಿಸುತ್ತೆ, ಕೂದಲನ್ನೂ ನಿಧಾನಕ್ಕೆ ಕರಗಿಸುತ್ತೆ. ಹಾಗಾದ್ರೆ ಒಳ್ಳೇದಲ್ವಾ ಅಂದರೆ, ನೀರು ನಿಧಾನವಾಗಿಯಾದರೂ ಹರಿಯುತ್ತಿದ್ದರೆ ಮಾತ್ರ. ಪೂರ್ತಿ ಕಟ್ಟಿದ್ದರೆ ಪುಡಿ ಬ್ಲಾಕ್ ತಲುಪೋದೇ ಇಲ್ಲ, ಬಾಗಿನ ತಳದಲ್ಲಿ ಕೂತು ಕಲ್ಲಾಗುತ್ತೆ. ಅದರ ಮೇಲೆ ಸ್ಪ್ರಿಂಗ್ (ಬ್ಲಾಕ್ ಬಿಡಿಸೋಕೆ ಪೈಪಿನೊಳಗೆ ತಿರುಗಿಸ್ತಾ ತಳ್ಳೋ ಉದ್ದ ಸುರುಳಿ ತಂತಿ) ಹಾಕಿದವರ ಮುಖಕ್ಕೆ ಕಾಸ್ಟಿಕ್ ನೀರು ಚಿಮ್ಮುತ್ತೆ. ಕಣ್ಣಿಗೆ ಬಿದ್ದರೆ ಆಸಿಡ್‌ಗಿಂತ ಕೆಟ್ಟದ್ದು, ಯಾಕಂದ್ರೆ ಒಳಗೆ ಒಳಗೆ ಇಳಿಯುತ್ತೆ. ಬಿದ್ದರೆ ಕನಿಷ್ಠ 15–20 ನಿಮಿಷ ಬಿಡದೆ ತಣ್ಣೀರು ಹರಿಸಿ, ಆಮೇಲೆ ಆಸ್ಪತ್ರೆ.

ಒಂದನ್ನ ಮಾತ್ರ ಯಾವತ್ತೂ ಮಾಡಬೇಡಿ: ಒಂದು ಕೆಲಸ ಮಾಡಲಿಲ್ಲ ಅಂತ ಅದೇ ತೂತಿಗೆ ಇನ್ನೊಂದು ಸುರಿಯೋದು. ಆಸಿಡ್ ಮೇಲೆ ಬ್ಲೀಚ್ ಬಿದ್ದರೆ ಕ್ಲೋರಿನ್ ಅನಿಲ, ಚಿಕ್ಕ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ. ಕಾಸ್ಟಿಕ್ ಮೇಲೆ ಆಸಿಡ್ ಬಿದ್ದರೆ ಕುದಿದು ಸಿಡಿಯುತ್ತೆ. ಪ್ಲಂಬರ್ ಕರೆಸೋದಾದರೆ ಒಳಗೆ ಏನು ಸುರಿದಿದ್ದೀರಿ ಅಂತ ಮೊದಲೇ ಹೇಳಿಬಿಡಿ.

ಸೋಡಾಪುಡಿ
ಇಷ್ಟೆಲ್ಲ ಯಾಕೆ? ಅಡುಗೆ ಸೋಡಾ, ವಿನೆಗರ್, ಕುದಿಯೋ ನೀರು. ವಿಡಿಯೋಗಳಲ್ಲಿ ಎಲ್ಲರೂ ಅದನ್ನೇ ಮಾಡ್ತಾರೆ. ರಾಸಾಯನಿಕ ಬೇಡ ಅನ್ನೋರಿಗೆ ಅದೇ ಸರಿ.

ರಸಾಯನ_ಮೇಷ್ಟ್ರು
ನೊರೆ ಚೆನ್ನಾಗಿ ಬರುತ್ತೆ, ಅಷ್ಟೇ. ಒಂದು ಆಮ್ಲ, ಒಂದು ಕ್ಷಾರ. ಒಂದನ್ನೊಂದು ಹೊಡೆದು ಹಾಕಿ ಉಳಿಯೋದು ಸ್ವಲ್ಪ ಲವಣ ಬೆರೆತ ನೀರು ಮತ್ತು ಇಂಗಾಲದ ಡೈಆಕ್ಸೈಡ್. ತೆರೆದ ತೂತಿನಲ್ಲಿ ಅನಿಲ ಮೇಲಕ್ಕೇ ಹೋಗುತ್ತೆ, ಬ್ಲಾಕನ್ನ ಒತ್ತಲ್ಲ. ಆಮೇಲೆ ಸುರಿಯೋ ಬಿಸಿನೀರು ಮಾಡೋ ಕೆಲಸದ ಹೆಸರು ಸೋಡಾಗೆ ಬರುತ್ತೆ.

ಅಡುಗೆಮನೆ ಜಿಡ್ಡಿಗೆ ಬೇಕಾದ್ದು ವಾಷಿಂಗ್ ಸೋಡಾ, ಬಟ್ಟೆಸೋಡಾ ಅಂತ ಸಿಗುತ್ತಲ್ಲ, ಅದು. 100 ಗ್ರಾಂ ಅನ್ನ ಎರಡು ಲೀಟರ್ ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ, ಗ್ಲೌಸ್ ಹಾಕಿಕೊಂಡು, ನಿಧಾನಕ್ಕೆ ಸುರೀರಿ. ಅರ್ಧ ಗಂಟೆ ಬಿಟ್ಟು ಇನ್ನೊಂದು ಬಕೆಟ್ ಬಿಸಿನೀರು. ನಿಧಾನ ಹರಿಯೋ ಸಿಂಕ್‌ಗೆ ಇದು ಸಾಕು. ಕಟ್ಟಿಹೋದ ಸಿಂಕ್‌ಗೆ ಇದೂ ಸಾಲಲ್ಲ.

ಕುದಿಯೋ ನೀರು ಮಾತ್ರ ಬೇಡ. ಪಿವಿಸಿ ಪೈಪು 75–80 ಡಿಗ್ರಿಯ ಸುಮಾರಿಗೆ ಮೆತ್ತಗಾಗುತ್ತೆ, ಜಾಯಿಂಟಿನ ರಬ್ಬರ್ ರಿಂಗ್ ಸಡಿಲವಾಗುತ್ತೆ. ಅಳೆಯೋಕೆ ಥರ್ಮಾಮೀಟರ್ ಬೇಕಿಲ್ಲ: ಕುದಿದ ನೀರು ಒಂದು ಪಾಲು, ನಲ್ಲಿ ನೀರು ಒಂದು ಪಾಲು ಬೆರೆಸಿದರೆ ಹತ್ತಿರ ಹತ್ತಿರ 60 ಡಿಗ್ರಿ. ಜಿಡ್ಡು ಕರಗೋಕೆ ಅಷ್ಟು ಧಾರಾಳ.

ಕಡಲತಡಿ
ಸಿಂಕಿನ ಕೆಳಗೆ ಎಂತ ಉಂಟು ಅಂತ ಮೊದಲು ನೋಡಿ ಮಾರಾಯ್ರೆ. ನಮ್ಮ ಊರಿನ ಅರ್ಧಕ್ಕರ್ಧ ಮನೆಗಳಲ್ಲಿ ಟ್ರ್ಯಾಪೇ ಇಲ್ಲ, ಬಳಕುವ ಸುಕ್ಕು ಪೈಪೊಂದನ್ನು ಗೋಡೆಯ ಪೈಪಿಗೆ ತುರುಕಿ ಬಿಟ್ಟಿರುತ್ತಾರೆ. ಅದು ನಡುವೆ ಜೋತು ಬಿದ್ದಲ್ಲಿ ಕಸ ನಿಲ್ಲುತ್ತದೆ. ಪ್ರತಿ ಸುಕ್ಕಿಗೂ ತೆಂಗಿನ ತುರಿ, ನಾರು, ಅಕ್ಕಿ ಸಿಕ್ಕಿಕೊಳ್ಳುತ್ತದೆ. ತೆಂಗಿನ ತುರಿ ಕೊಳೆಯುವುದು ನಿಧಾನ, ಅದರ ಎಣ್ಣೆ ಗೋಡೆಗೆ ಅಂಟುತ್ತದೆ. ಮಳೆಗಾಲದ ಚಳಿಗೆ ತೆಂಗಿನೆಣ್ಣೆ ಹೆಪ್ಪುಗಟ್ಟಿತೆಂದರೆ ಮುಗಿಯಿತು.

ಕೆಳಗೊಂದು ಬಕೆಟ್ ಇಟ್ಟು, ಕಪ್ಲಿಂಗ್‌ನ ದೊಡ್ಡ ನಟ್ಟನ್ನು ಕೈಯಲ್ಲೇ ಎಡಕ್ಕೆ ತಿರುಗಿಸಿ ಬಿಚ್ಚಿ. ಪ್ಲಾಸ್ಟಿಕ್ ನಟ್ಟಿಗೆ ಪ್ಲೈಯರ್ ಹಾಕಿದರೆ ಒಡೆಯುತ್ತದೆ. ಬಿಗಿಯಾಗಿದ್ದರೆ ಮಾತ್ರ ಬಟ್ಟೆ ಸುತ್ತಿ ಹಾಕಿ. ಸುಕ್ಕು ಪೈಪನ್ನು ತೊಳೆಯುವ ಬದಲು ಹೊಸತು ಹಾಕುವುದೇ ಒಳ್ಳೆಯದು. ಆಗುವುದಾದರೆ ಬಾಟಲ್ ಟ್ರ್ಯಾಪ್ ಹಾಕಿಸಿ, ಅದರ ತಳದ ಬಟ್ಟಲನ್ನು ಕೈಯಲ್ಲೇ ತಿರುಗಿಸಿ ತೆಗೆಯಲು ಬರುತ್ತದೆ. ವಾಪಸ್ ಕೂರಿಸುವಾಗ ಒಳಗಿನ ರಬ್ಬರ್ ವಾಷರ್ ನೇರ ಕೂತಿದೆಯಾ ನೋಡಿ. ಸೋರುವುದು ಹತ್ತರಲ್ಲಿ ಎಂಟು ಸಲ ವಾಷರ್ ಓರೆಯಾಗಿಯೇ. ಇಲ್ಲಿ ಟೆಫ್ಲಾನ್ ಟೇಪ್ ಸುತ್ತುವವರು ಉಂಟು, ಅದರಿಂದ ಪ್ರಯೋಜನ ಇಲ್ಲ. ನೀರು ತಡೆಯುವುದು ವಾಷರ್, ನಟ್ಟಿನ ಥ್ರೆಡ್ ಅಲ್ಲ.

ಟ್ರ್ಯಾಪ್ ಹಾಕಿದ ಮೇಲೂ ಸುಕ್ಕು ಪೈಪು ಜೋತುಬಿದ್ದರೆ ಎರಡು ಕಡೆ ನೀರು ನಿಂತು ನಡುವೆ ಗಾಳಿ ಸಿಕ್ಕಿಬೀಳುತ್ತದೆ. ಕಸ ಎಳ್ಳಷ್ಟೂ ಇಲ್ಲದಿದ್ದರೂ ಸಿಂಕ್ ನಿಧಾನ. ಪೈಪು ಕತ್ತರಿಸಿ ಗಿಡ್ಡ ಮಾಡಿದರೆ ಸರಿಯಾಗುತ್ತದೆ.

ನಲ್ಲಿನೀರು
ಗಲ್ಲಿ ಟ್ರ್ಯಾಪ್‌ನಲ್ಲಿ ಒಂದು ಗೇಣು ದಪ್ಪದ ಕೆನೆ ಇತ್ತು, ತೆಗೆದೆ. ಅಡುಗೆಮನೆ ಈಗ ಸರಾಗ. ಬಾತ್‌ರೂಮ್ ಸ್ವಲ್ಪ ಸುಧಾರಿಸಿದೆ, ಆದರೆ ಎರಡು ಬಕೆಟ್ ನೀರು ಒಟ್ಟಿಗೆ ಬಿದ್ದರೆ ಇನ್ನೂ ನಿಲ್ಲುತ್ತೆ. ಜಾಲಿ ಮೇಲೆ ಪ್ಲಂಜರ್ (ರಬ್ಬರ್ ಕಪ್ ಇರೋ ಕೋಲು) ಒತ್ತಿದರೆ ಬೇಸಿನ್‌ನಿಂದ ನೀರು ಹಾರುತ್ತೆ, ಜಾಲಿಯಲ್ಲಿ ಏನೂ ಆಗಲ್ಲ.

ಮೂರಿಂಚು_ಪೈಪು
ಬೇಸಿನ್‌ನಿಂದ ಹಾರುತ್ತೆ ಅಂದರೆ ನಿಮ್ಮ ಒತ್ತಡವೆಲ್ಲ ಪಕ್ಕದ ಬಾಯಿಂದ ಮೇಲೆ ಹೋಗ್ತಿದೆ. ಬೇಸಿನ್ ತೂತು ಮತ್ತು ಮೇಲಿನ ಓವರ್‌ಫ್ಲೋ ತೂತು, ಎರಡಕ್ಕೂ ಒದ್ದೆ ಬಟ್ಟೆ ಬಿಗಿಯಾಗಿ ತುರುಕಿ, ಒಬ್ಬರು ಒತ್ತಿ ಹಿಡೀಲಿ. ಅದೇ ಟ್ರ್ಯಾಪ್‌ಗೆ ವಾಷಿಂಗ್ ಮಷಿನ್ ಪಾಯಿಂಟ್ ಸೇರಿದ್ದರೆ ಅದನ್ನೂ ಮುಚ್ಚಿ.

ಪ್ಲಂಜರ್‌ಗೂ ಮೊದಲು ಟ್ರ್ಯಾಪ್ ಖಾಲಿ ಮಾಡಿ. ಜಾಲಿಯ ಮುಚ್ಚಳ ತಿರುಗಿಸಿ ಎತ್ತಿ; ಬಿಳಿ ಸಿಮೆಂಟಿನಲ್ಲಿ ಕೂರಿಸಿದ್ದರೆ ಫ್ರೇಮ್ ಕೀಳಬೇಡಿ, ಒಳಗಿನ ತಟ್ಟೆ ಮಾತ್ರ ಬರುತ್ತೆ. ಜಿರಲೆ ತಡೆಯೋ ಕಪ್ಪಿದ್ದರೆ ಅದನ್ನೂ ತೆಗೀರಿ. ಎಷ್ಟೋ ಸಲ ಬ್ಲಾಕ್ ಅನ್ನೋದು ಆ ಕಪ್ಪಿನ ಅಂಚಿಗೆ ಸುತ್ತಿದ ಕೂದಲೇ. ನೀರನ್ನ ಸ್ಪಂಜಿನಲ್ಲಿ ಎತ್ತಿ. ಕೈ ಹಾಕಿದರೆ ಬಟ್ಟಲಿನ ಒಂದು ಪಕ್ಕದಲ್ಲಿ ಮೇಲಕ್ಕೆ ಬಾಗಿದ ದಾರಿ ಸಿಗುತ್ತೆ, ಅದೇ ಹೊರದಾರಿ. ಬೇಸಿನ್‌ನ ಬಾಯಿ ಇದಕ್ಕಿಂತ ಸಣ್ಣದು, ಮೇಲಿರುತ್ತೆ. ಎರಡನ್ನ ಅದಲು ಬದಲು ಮಾಡಿಕೊಂಡು ಸ್ಪ್ರಿಂಗನ್ನ ಬೇಸಿನ್ ಕಡೆ ತಳ್ಳೋದು ತುಂಬಾ ಸಾಮಾನ್ಯ. ಗಟ್ಟಿ ಜಿಐ ತಂತಿಯ ತುದಿಯನ್ನ ಅರ್ಧ ಸೆಂ.ಮೀ. ಕೊಕ್ಕೆ ಮಾಡಿ, ಹೊರದಾರಿಯ ಕಂಠದಲ್ಲಿ ಆಡಿಸಿ ಎಳೀರಿ. ಕೂದಲು ಒಂದೇ ಉಂಡೆಯಾಗಿ ಬರುತ್ತೆ. ಹರಿದರೆ ಉಳಿದರ್ಧ ಆಚೆ ಜಾರುತ್ತೆ, ಹಾಗಾಗಿ ಅವಸರ ಬೇಡ.

ಆಮೇಲೂ ನಿಂತರೆ ಸ್ಪ್ರಿಂಗ್. 9–10 ಮಿ.ಮೀ. ದಪ್ಪದ 5 ಮೀಟರ್ ಉದ್ದದ್ದು 75 ಮಿ.ಮೀ. ಪೈಪಿಗೆ ಸರಿ. 6 ಮಿ.ಮೀ.ದು ದೊಡ್ಡ ಪೈಪಿನಲ್ಲಿ ತನ್ನೊಳಗೇ ಸುರುಳಿ ಸುತ್ತಿಕೊಳ್ಳುತ್ತೆ, ಅದು ಬೇಸಿನ್ ಪೈಪಿಗೆ ಇಟ್ಟುಕೊಳ್ಳಿ. ಹಿಡಿಯಿಂದ ಹೊರಗೆ ಗೇಣುದ್ದ ಮಾತ್ರ ಬಿಟ್ಟು ಲಾಕ್ ಮಾಡಿ, ಬಲಕ್ಕೆ ತಿರುಗಿಸ್ತಾ ತಳ್ಳಿ, ಲಾಕ್ ಬಿಚ್ಚಿ ಮತ್ತೊಂದು ಗೇಣು. ಎಡಕ್ಕೆ ತಿರುಗಿಸಬೇಡಿ, ಹಿಡಿದ ಕಸ ಬಿಟ್ಟುಹೋಗುತ್ತೆ. ಗಟ್ಟಿಯಾಗಿ ಟಕ್ ಅಂತ ತಡೆದು, ತಿರುಗಿಸಿದಾಗ ಜಾರಿ ಮುಂದೆ ಹೋದರೆ ಅದು ಪೈಪಿನ ಬಾಗು. ಮೆತ್ತಗೆ ತಡೆದು, ತಿರುಗಿಸಿದಷ್ಟೂ ಹಿಡಿ ಬಿಗಿಯಾಗುತ್ತ ಬಂದರೆ ಅದು ಕಸ. ಆಗ ಇನ್ನು ತಳ್ಳಬೇಡಿ. ನಾಲ್ಕೈದು ಸುತ್ತು ತಿರುಗಿಸಿ, ತಿರುಗಿಸ್ತಲೇ ಹಿಂದಕ್ಕೆ ಎಳೀರಿ.

ಪ್ಲಂಜರ್ ಕೊನೆಗೆ, ಉಳಿದ ಮೇಣ ಅಲುಗಾಡಿಸೋಕೆ. ಜಾಲಿ ಮೇಲೆ ಎರಡು ಬೆರಳು ನೀರು ನಿಂತಿರಲಿ, ಕಪ್ಪಿನೊಳಗಿನ ಗಾಳಿ ಓರೆ ಮಾಡಿ ಹೊರಗೆ ಬಿಡಿ, 15–20 ಸಲ. ಒತ್ತೋದಕ್ಕಿಂತ ಎಳೆಯೋದರ ಮೇಲೆ ಗಮನವಿರಲಿ.

ಸೋಡಾಪುಡಿ
ಗಾಳಿ ಗನ್ ಸಿಗುತ್ತಲ್ಲ, ಒಂದೇ ಏಟಿಗೆ ಹಾರಿಸೋದು?

ಸೈಟ್_ಎಂಜಿನಿಯರ್
ಗೋಡೆಯೊಳಗೆ ಹೂತ ಪೈಪಿಗೆ ಅದನ್ನು ಬಳಸಬೇಡಿ. ಈ ಪೈಪುಗಳು ನೀರು ತಾನಾಗಿ ಇಳಿದುಹೋಗಲು ಮಾಡಿದವು, ಒತ್ತಡಕ್ಕಲ್ಲ. ರಿಂಗ್ ಜಾಯಿಂಟ್ ಒಮ್ಮೆ ಸರಿದರೆ ಹೊರಗೆ ಏನೂ ಕಾಣದು, ಆರು ತಿಂಗಳ ಮೇಲೆ ಕೆಳಮನೆಯ ಸೀಲಿಂಗ್ ಒದ್ದೆಯಾದಾಗಲೇ ತಿಳಿಯುವುದು. ಅಪಾರ್ಟ್‌ಮೆಂಟಿನಲ್ಲಾದರೆ ಕಸ ಕೆಳಮನೆಯವರ ಬಾತ್‌ರೂಮಿನಿಂದ ಎದ್ದು ಬರಲೂಬಹುದು.

ಇನ್ನೊಂದು ವಿಷಯ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಕಟ್ಟುತ್ತಿದ್ದರೆ ತಪ್ಪು ಕಸದ್ದಲ್ಲ, ಇಳಿಜಾರಿನದ್ದು. ಈ ಪೈಪುಗಳಿಗೆ 40ಕ್ಕೆ 1, ಅಂದರೆ ಮೀಟರಿಗೆ 25 ಮಿ.ಮೀ. ಇಳಿಜಾರು ಇರಬೇಕು. ಹೊಸ ಮನೆಯಾದರೆ ಪೈಪಿನಲ್ಲಿ ಟೈಲ್ಸ್ ಗ್ರೌಟ್ (ಸಂದಿಗೆ ತುಂಬುವ ಸಿಮೆಂಟ್) ಗಟ್ಟಿಯಾಗಿರುವ ಸಾಧ್ಯತೆಯೂ ಇದೆ. ಸ್ಪ್ರಿಂಗ್ ಕಲ್ಲಿಗೆ ಬಡಿದ ಹಾಗೆ ನಿಂತು, ತುದಿಯಲ್ಲಿ ಬಿಳಿ ಪುಡಿ ಬಂದರೆ ಅದೇ. ಅದು ಮನೆಯಲ್ಲಿ ಕೂತು ಬಿಡಿಸುವ ಕೆಲಸವಲ್ಲ.

ತಾರಸಿಯ ವೆಂಟ್ ಪೈಪನ್ನೂ, ಅಂದರೆ ಚರಂಡಿ ಪೈಪಿಗೆ ಗಾಳಿಯಾಡಲು ಮೇಲೆ ಬಿಟ್ಟ ಪೈಪನ್ನೂ ನೋಡಿ. ಅದರ ಟೋಪಿಯಲ್ಲಿ ಹಕ್ಕಿ ಗೂಡು ಕಟ್ಟಿದ್ದರೆ ಮೇಲ್ಮಹಡಿಯ ನೀರು ಇಳಿಯುವಾಗ ಕೆಳಗಿನ ಟ್ರ್ಯಾಪಿನ ನೀರನ್ನು ಎಳೆದುಕೊಂಡು ಹೋಗುತ್ತದೆ. ಗುಳುಗುಳು ಸದ್ದು, ನಂತರ ವಾಸನೆ, ಬ್ಲಾಕ್ ಮಾತ್ರ ಎಲ್ಲೂ ಸಿಗುವುದಿಲ್ಲ.

ಧಾರವಾಡದವ
ಚೇಂಬರ್ ಬಗ್ಗೆ ಯಾರೂ ಪೂರಾ ಬರದಿಲ್ಲ, ಅದಕ್ಕ ಬರೀತೀನ್ರಿ. ಮನಿಯಿಂದ ರಸ್ತೆ ತನಕಾ ಎಲ್ಲಾ ಮುಚ್ಚಳಾ ತಗದು ನೋಡ್ರಿ. ಮೊದಲನೇದು ಖಾಲಿ ಇದ್ರ ಬ್ಲಾಕ್ ಮನಿ ಒಳಗ. ಮೊದಲನೇದು ತುಂಬಿ ಎರಡನೇದು ಖಾಲಿ ಇದ್ರ ಅವೆರಡರ ನಡುವ. ಎಲ್ಲಾ ತುಂಬಿದ್ರ ರಸ್ತೆ ಲೈನಿಂದು, ಅದಕ್ಕ ನೀವು ಕೈ ಹಚ್ಚಬ್ಯಾಡ್ರಿ. ಬೆಂಗಳೂರಾಗ ಇದ್ರ ಜಲಮಂಡಳಿಯ 1916ಕ್ಕ ಫೋನ್ ಮಾಡ್ರಿ, ಬ್ಯಾರೆ ಊರಾಗ ನಿಮ್ಮ ಪಾಲಿಕೆಗೆ.

ನಡುವ ಕಟ್ಟಿದ್ರ ಬಿದಿರಿನ ಸೀಳು, ಐದಾರು ಮೀಟರಿಂದು, ಇಲ್ಲಾ ಸ್ಕ್ರೂ ಮಾಡೋ ರಾಡ್ ಸೆಟ್. ರಾಡ್ ಇದ್ರ ಬಲಕ್ಕಷ್ಟೇ ತಿರುಗಿಸ್ರಿ, ಎಡಕ್ಕ ತಿರುಗಿಸಿದ್ರ ಬಿಚ್ಚಿ ಪೈಪಿನಾಗ ಉಳಿತಾವ. ತುಂಬಿದ ಚೇಂಬರಿನಿಂದ ಕೆಳಗಿನ ಕಡೆಗೆ ತಳ್ರಿ, ಮುಂದಿನ ಖಾಲಿ ಚೇಂಬರಿನ ಬಾಯಾಗ ಒಂದು ಹಳೇ ಜಾಲರಿ ಅಡ್ಡ ಹಿಡೀರಿ. ಬಿಟ್ಟ ಕೂಡಲೇ ಗಡ್ಡಿ ಅಲ್ಲೇ ಸಿಗಬೇಕು, ಇಲ್ಲಾಂದ್ರ ಮುಂದ ಹೋಗಿ ಮತ್ತ ಕಟ್ಟತೈತಿ. ರಾಡ್ ತುದಿಗೆ ತೆಳ್ಳನ ಬೇರು ಬಂದ್ರ ಹಳೇ ಸ್ಟೋನ್‌ವೇರ್ ಪೈಪಿನ ಜಾಯಿಂಟ್ ಒಡದು ಗಿಡದ ಬೇರು ಹೊಕ್ಕೈತಿ ಅಂತ ತಿಳೀರಿ. ಕತ್ತರಿಸಿದ್ರ ಮತ್ತ ಚಿಗರತಾವ, ಆ ತುಂಡು ಪೈಪ್ ಬದಲಿ ಮಾಡಿಸೋದ ಒಂದ ದಾರಿ.

ಮಳಿ ಬಂದಾಗಷ್ಟೇ ಚೇಂಬರ್ ಉಕ್ಕಿದ್ರ, ತಾರಸಿ ನೀರಿನ ಪೈಪು ಅದಕ್ಕ ಸೇರಿಸ್ಯಾರೇನು ನೋಡ್ರಿ. ಹಂಗ ಸೇರಿಸಬಾರದು.

ಗಲ್ಲಿಟ್ರ್ಯಾಪ್
ಇದಕ್ಕೆ ಒಂದು ಸೇರಿಸಲೇಬೇಕು. ಮೇಲೆ ನಿಂತು ರಾಡ್ ಹಾಕೋದು ಬೇರೆ, ಆಳದ ಚೇಂಬರ್ ಅಥವಾ ಸೆಪ್ಟಿಕ್ ಟ್ಯಾಂಕಿನೊಳಗೆ ಇಳಿಯೋದು ಬೇರೆ. ಕೆಳಗೆ ಕೂತಿರೋ ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷಾನಿಲ ಗಾಳಿಗಿಂತ ಭಾರ. ಹೆಚ್ಚಿದ್ದಾಗ ಮೂಗಿಗೆ ವಾಸನೆಯೇ ಗೊತ್ತಾಗಲ್ಲ, ಒಂದೆರಡು ಉಸಿರಿಗೆ ಪ್ರಜ್ಞೆ ಹೋಗುತ್ತೆ. ತಲೆ ಒಳಗೆ ಬಗ್ಗಿಸಲೂಬೇಡಿ. ದುಡ್ಡು ಕೊಟ್ಟು ಬೇರೆಯವರನ್ನ ಇಳಿಸೋದು ಅಪರಾಧ: 2013ರ ಮ್ಯಾನ್ಯುಯಲ್ ಸ್ಕ್ಯಾವೆಂಜಿಂಗ್ ನಿಷೇಧ ಕಾಯ್ದೆಯ ಪ್ರಕಾರ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಮನೆ ಮಾಲೀಕರಿಗೂ ಅನ್ವಯ. ಅಂಥ ಕೆಲಸಕ್ಕೆ ಜೆಟ್ಟಿಂಗ್ ಅಥವಾ ಸಕ್ಕಿಂಗ್ ಲಾರಿ ಕರೆಸಿ.

ನಲ್ಲಿನೀರು
ಕಂಠದಲ್ಲಿ ಕೂದಲು ಮತ್ತು ಸೀಗೆಪುಡಿಯ ಉಂಡೆ, ಜೊತೆಗೆ ಶಾಂಪೂ ಸ್ಯಾಶೆಯ ಹರಿದ ಮೂಲೆ. ಈಗ ಎರಡು ಬಕೆಟ್ ನಿಲ್ಲದೆ ಹೋಗುತ್ತೆ. ಆದರೆ ಮೊದಲಿಲ್ಲದ ವಾಸನೆ ಶುರುವಾಗಿದೆ, ಇದ್ಯಾಕೆ?

ಮೂರಿಂಚು_ಪೈಪು
ಜಿರಲೆ ಕಪ್ಪು ವಾಪಸ್ ಹಾಕಿದ್ರಾ? ಕೆಲವು ಮಾದರಿಗಳಲ್ಲಿ ನೀರಿನ ಸೀಲ್ ಆಗೋದೇ ಆ ಕಪ್ಪಿನಿಂದ, ಅದು ಇಲ್ಲದಿದ್ದರೆ ಪೈಪು ನೇರ ತೆರೆದ ಹಾಗೆ. ಹಾಕಿದ್ದರೂ ವಾಸನೆ ಇದ್ದರೆ ಎರಡು ಮಗ್ ನೀರು ಸುರಿದು ಗಂಟೆ ಬಿಟ್ಟು ಟಾರ್ಚ್ ಹಾಕಿ ನೋಡಿ. ನೀರಿನ ಮಟ್ಟ ಇಳಿದಿದ್ದರೆ ಟ್ರ್ಯಾಪ್ ಸೀಳಿದೆ, ಅಥವಾ ಅಂಚಿನಲ್ಲಿ ಉಳಿದ ಕೂದಲೆಳೆ ಬತ್ತಿಯ ಹಾಗೆ ನೀರನ್ನ ಆಚೆ ಎಳೀತಿದೆ. ಮಟ್ಟ ಹಾಗೇ ಇದ್ದರೆ ವಾಸನೆ ಗೋಡೆಗಂಟಿದ ಹಳೇ ಮೇಣದ್ದು, ಬಾಟಲ್ ಬ್ರಷ್ ಹಾಕಿ ಉಜ್ಜಿ.

ಕಡಲತಡಿ
ಬಳಸದ ಬಾತ್‌ರೂಮ್ ಇದ್ದರೆ ಹದಿನೈದು ದಿನಕ್ಕೊಮ್ಮೆ ಜಾಲಿಗೆ ಒಂದು ಮಗ್ ನೀರು ಹಾಕಿ. ಊರಿಗೆ ಹೋಗುವುದಾದರೆ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ, ನೀರು ಬೇಗ ಆರುವುದಿಲ್ಲ. ತೆಂಗಿನೆಣ್ಣೆ ಬೇಡ, ಯಾಕೆಂತ ಮೇಲೆ ಬರೆದಿದ್ದೇನೆ.